ಒಂದನೇ ಕ್ಲಾಸಿಗೆ ಯಾರಾದರೇನು?

ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ತರಗತಿ ಹಂಚುವ ಸಭೆ ನಡೆಯುತ್ತದೆ. ಗಣಿತದವರು ಏಳನೇ ತರಗತಿ ಕೇಳುತ್ತಾರೆ. ಇಂಗ್ಲಿಷ್ ಬಲ್ಲವರನ್ನು ಮೇಲಿನ ತರಗತಿಗಳಿಗೇ ಎತ್ತಿಡುತ್ತಾರೆ. ಮುಖ್ಯಶಿಕ್ಷಕರು ಕಚೇರಿ ಕೆಲಸದ ನಡುವೆ ಆಗುವಷ್ಟು ಸಮಾಜ ವಿಜ್ಞಾನ ಇಟ್ಟುಕೊಳ್ಳುತ್ತಾರೆ. ಕೊನೆಗೆ ಒಂದನೇ ತರಗತಿ ಉಳಿಯುತ್ತದೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಒಂದನೇ ಕ್ಲಾಸಿಗೆ ಯಾರಾದರೇನು ಬಿಡಿ ಸಾರ್." ಹೊಸದಾಗಿ ಬಂದವರನ್ನೋ, ಅತಿಥಿ ಶಿಕ್ಷಕರನ್ನೋ, ನಿವೃತ್ತಿಗೆ ಒಂದೆರಡು ವರ್ಷ ಉಳಿದವರನ್ನೋ, ಯಾರೂ ಸಿಗದಿದ್ದರೆ ತರಬೇತಿಗೆ ಬಂದ ಡಿ.ಎಡ್. ಹುಡುಗರನ್ನೋ ಅಲ್ಲಿಗೆ ಹಾಕಿ ಸಭೆ ಮುಗಿಸುತ್ತಾರೆ. ಟೀ ಬರುತ್ತದೆ.

ಈ ಮಾತು ಸುಳ್ಳೆಂದು ಗೊತ್ತಾಗಲು ನನಗೆ ಒಂದು ವಾರ ಸಾಕಾಯಿತು. ಬರೆದು ಹೇಳಲು ಹತ್ತು ವರ್ಷಕ್ಕಿಂತ ಹೆಚ್ಚೇ ಹಿಡಿದಿದೆ. ಏಕೆಂದರೆ ಇದನ್ನು ಆಡುವವರು ಶತ್ರುಗಳಲ್ಲ, ನನ್ನ ಜೊತೆ ಊಟದ ಡಬ್ಬಿ ಬಿಚ್ಚುವವರು. ಒಂದು ಕಾಲಕ್ಕೆ ನಾನೂ ಆಡಿದವನೇ.

2011ರಲ್ಲಿ ನಾನು ಡಿ.ಎಡ್. ಎರಡನೇ ವರ್ಷದಲ್ಲಿದ್ದೆ. ಅಭ್ಯಾಸ ಪಾಠಕ್ಕೆ ನಮ್ಮನ್ನು ಮಂಡ್ಯ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹಾಕಿದರು. ಜೊತೆಯವರಿಗೆ ಐದು, ಆರು, ಏಳನೇ ತರಗತಿಗಳು ಸಿಕ್ಕವು. ನನಗೆ ಬಂದದ್ದು ನಲಿಕಲಿ ಕೋಣೆ, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ಕೋಣೆ. ಬಸ್ಸಿಳಿಯುವ ಮೊದಲೇ ಗೆಳೆಯರು ನನಗೆ 'ಮೂಗು ಒರೆಸೋ ಮೇಷ್ಟ್ರು' ಎಂದು ಹೆಸರಿಟ್ಟರು. ನಮ್ಮ ಉಪನ್ಯಾಸಕರೊಬ್ಬರು ಬೆನ್ನು ತಟ್ಟಿ, "ಪುಣ್ಯ ಮಾಡಿದೀಯ ಕಣಯ್ಯ, ಓದ್ಕೊಂಡು ಹೋಗೋ ತಾಪತ್ರಯ ಇಲ್ಲ" ಅಂದರು. ಶಿಕ್ಷಕರನ್ನು ತಯಾರು ಮಾಡುವುದೇ ಅವರ ಕೆಲಸವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮೊದಲ ದಿನಕ್ಕೆ ನಲವತ್ತು ನಿಮಿಷದ ಪಾಠಯೋಜನೆ ಬರೆದುಕೊಂಡು ಹೋಗಿದ್ದೆ. ಪೀಠಿಕೆ, ನಿರೂಪಣೆ, ಚಟುವಟಿಕೆ, ಮೌಲ್ಯಮಾಪನ, ಎಲ್ಲಕ್ಕೂ ಸ್ಕೇಲಿನಿಂದ ಗೆರೆ ಎಳೆದ ಅಂಕಣಗಳು. ಅದು ಆರು ನಿಮಿಷಕ್ಕೆ ಮುಗಿದುಹೋಯಿತು. ಉಳಿದ ಮೂವತ್ತನಾಲ್ಕು ನಿಮಿಷ ನಾನು ಏನು ಮಾಡಿದೆನೋ ದೇವರಿಗೇ ಗೊತ್ತು. ಒಬ್ಬಳ ಬಳಪ ಮುರಿದಿತ್ತು, ಒಬ್ಬನ ಹಲ್ಲು ಅಲ್ಲಾಡುತ್ತಿತ್ತು, ಅದನ್ನು ನೋಡಲು ಹತ್ತು ಜನ ಸುತ್ತುವರಿದಿದ್ದರು. ಒಂದು, ಎರಡು, ಮೂರನೇ ತರಗತಿಯ ಇಪ್ಪತ್ತಾರು ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ಚಾಪೆ ಮೇಲೆ ಕೂತಿದ್ದರು. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು ಬೇಕು, ಒಂದಕ್ಕೆ ಅರ್ಧ ನೆರವು ಸಾಕು, ಎರಡು ಗುಂಪುಗಳು ಗೆಳೆಯರ ನೆರವಿನಿಂದ ಕಲಿಯುತ್ತವೆ, ಇನ್ನೊಂದು ತಾನೇ ಕಲಿಯುತ್ತದೆ. ಕಾಗದದ ಮೇಲೆ ಇದು ಚೆಂದ. ಕೋಣೆಯಲ್ಲಿ ಪ್ರತಿಯೊಂದು ಮಗು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲ ಮೇಲಿರುತ್ತದೆ, ಯಾವ ಮಗು ಎಲ್ಲಿದೆ ಎಂಬುದು ಕಲಿಸುವವರ ತಲೆಯಲ್ಲಿರಬೇಕು. ಏಳನೇ ತರಗತಿಗೆ ಹೋದ ನನ್ನ ಗೆಳೆಯ ಆ ಹೊತ್ತಿಗೆ ಒಂದು ಪಾಠ ಓದಿಸಿ, ಪ್ರಶ್ನೋತ್ತರ ಬರೆಸಿ, ಕಿಟಕಿಯಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದ.

ಆ ಕೋಣೆಯ ಖಾಯಂ ಶಿಕ್ಷಕಿ ಇಪ್ಪತ್ತು ವರ್ಷ ದಾಟಿದ ಸರ್ವೀಸಿನವರು. ನಾನು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ. ಮೂರನೇ ದಿನ ಅವರು ಒಬ್ಬ ಹುಡುಗನನ್ನು ಪರೀಕ್ಷಿಸಲು ನನಗೆ ಹೇಳಿದರು. ಕಾರ್ಡಿನಲ್ಲಿ ಅರಸ, ಸರ, ಗರಗಸ ಎಂದಿತ್ತು, ಪಕ್ಕದಲ್ಲಿ ಚಿತ್ರಗಳಿದ್ದವು. ಅವನು ಬೆರಳಿಟ್ಟು ಪಟಪಟನೆ ಓದಿದ. ನಾನು 'ಓದುತ್ತಾನೆ' ಎಂದು ಗುರುತು ಹಾಕಿದೆ. ಮೇಡಂ ಬಂದು ಅಂಗೈಯಿಂದ ಚಿತ್ರಗಳನ್ನು ಮುಚ್ಚಿದರು. ಆಗಲೂ ಓದಿದ. ನಾನು ಗೆದ್ದವನಂತೆ ಅವರ ಮುಖ ನೋಡಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ 'ಸರ' ಎಂದೂ, ಒಂದು ಗೇಣು ಆಚೆಗೆ 'ರಸ' ಎಂದೂ ಬರೆದರು. ಹುಡುಗ ಮೊದಲನೆಯದನ್ನು "ಸರ" ಅಂದ. ಎರಡನೆಯದನ್ನೂ "ಸರ" ಅಂದ.

ಅವನು ಓದುತ್ತಿರಲಿಲ್ಲ. ಕಾರ್ಡನ್ನು ಬಾಯಿಪಾಠ ಮಾಡಿದ್ದ. ಎರಡು ಅಕ್ಷರಗಳ ಪರಿಚಯ ಅವನಿಗಿತ್ತು, ಆದರೆ ಅವುಗಳ ಸಾಲೇ ಪದವನ್ನು ಮಾಡುತ್ತದೆ ಎಂಬುದು ಇನ್ನೂ ತಲೆಗೆ ಹೋಗಿರಲಿಲ್ಲ. ಅದನ್ನು ಹಿಡಿಯಲು ಮೇಡಂಗೆ ಅರ್ಧ ನಿಮಿಷ ಮತ್ತು ನಾಲ್ಕು ಅಕ್ಷರ ಬೇಕಾಯಿತು. ನನ್ನ ಕೈಗೆ ಬಿಟ್ಟಿದ್ದರೆ ಆ ಗುರುತಿನ ಬಲದಿಂದ ಅವನು ಮುಂದಿನ ಮೈಲಿಗಲ್ಲಿಗೆ ಹೋಗುತ್ತಿದ್ದ, ಅಲ್ಲಿಂದ ಮುಂದಿನ ತರಗತಿಗೆ, ಹಾಗೆಯೇ ಎಂಟನೆಯವರೆಗೆ. ಎಂಟನೇ ತರಗತಿಯ ಶಿಕ್ಷಕರು "ಇವನಿಗೆ ಕನ್ನಡ ಓದೋಕೇ ಬರಲ್ಲ, ಕೆಳಗೆ ಏನ್ ಮಾಡಿದ್ರೋ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಕೆಳಗೆ ನಾನಿದ್ದೆ, ಸ್ಕೇಲಿನಿಂದ ಗೆರೆ ಎಳೆಯುತ್ತಾ.

ಒಂದನೇ ತರಗತಿಯಲ್ಲಿ ಕಲಿಸಲು ಏನಿದೆ ಎಂದು ಕೇಳುವವರು ಕನ್ನಡ ಬರಹದ ಲೆಕ್ಕವನ್ನಾದರೂ ಹಾಕಲಿ. ವರ್ಣಮಾಲೆಯಲ್ಲಿ ಅಕ್ಷರ 49. ಅದರಲ್ಲಿ ವ್ಯಂಜನ 34. ಪ್ರತಿ ವ್ಯಂಜನಕ್ಕೂ ಕಾಗುಣಿತದ ಹದಿನೈದು ರೂಪ ಎಂದರೆ 510. ಮೇಲೆ ಒತ್ತಕ್ಷರಗಳು, ಅವುಗಳಲ್ಲಿ ಕೆಲವು ಮೂಲ ಅಕ್ಷರವನ್ನು ಹೋಲುವುದೂ ಇಲ್ಲ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಅಕ್ಷರಜ್ಞಾನ ಕೈವಶವಾಗಲು ವರ್ಷಗಳೇ ಬೇಕು, ಮೊದಲ ತರಗತಿಗಳಲ್ಲಿ ಅದು ಮುಗಿಯುವುದಿಲ್ಲ ಎಂದು ತೋರಿಸಿತು. ನಮ್ಮಲ್ಲಿ ಇದನ್ನು 'ಅಆಇಈ ಹೇಳಿಕೊಡುವುದು' ಎನ್ನುತ್ತಾರೆ.

ಅಆಇಈ ಎಂದಾಗ ಇನ್ನೊಂದು ಮಾತು. ಸ್ವರಗಳಿಂದ ಶುರುಮಾಡಿದರೆ ಅವು ಮುಗಿಯುವವರೆಗೆ ಮಗುವಿಗೆ ಓದಲು ಪದವೇ ಸಿಗುವುದಿಲ್ಲ. ಆ, ಈ, ಏ, ಓ ಎಂದು ಯಾರನ್ನಾದರೂ ಕೂಗಬಹುದು ಅಷ್ಟೆ. ನಲಿಕಲಿ ಶುರುವಾಗುವುದು ರ, ಗ, ಸ, ದ, ಅ ಎಂಬ ಐದರಿಂದ. ಐದು ಕಲಿತ ಮಗು ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಇಷ್ಟನ್ನೂ ಓದಬಲ್ಲದು. ಎರಡೇ ವಾರದಲ್ಲಿ ಅರಸನೂ ಅಗಸನೂ ಸ್ಲೇಟಿನ ಮೇಲೆ ಬಂದು ಕೂರುತ್ತಾರೆ. ಇದರ ಹಿಂದೆ ಸಾಮಾನ್ಯ ಶಾಲಾ ಶಿಕ್ಷಕರ ಬುದ್ಧಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಾರ್ಡು, ಏಣಿ, ಮೈಲಿಗಲ್ಲುಗಳನ್ನು ಕೂತು ಕಟ್ಟಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರ ದೋಷಗಳು ನನಗೂ ಗೊತ್ತು. ಹರಿದ ಕಾರ್ಡಿಗೆ ಬದಲಿ ಕಾರ್ಡು ಬರುವುದಿಲ್ಲ, ಹವಾಮಾನ ನಕ್ಷೆಯಲ್ಲಿ ಬೇಸಿಗೆಯಲ್ಲೂ ಮಳೆ ಸುರಿಯುತ್ತಿರುತ್ತದೆ. ಆದರೆ ಐದು ಅಕ್ಷರ ಆರಿಸಿದ ಆ ತಲೆಗಳನ್ನು 'ಯಾರಾದರೇನು' ಎಂಬ ಲೆಕ್ಕಕ್ಕೆ ಸೇರಿಸಲು ನನ್ನಿಂದಾಗದು.

ಎರಡನೇ ವಾರ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಹಕ್ಕಿಯ ಚಿತ್ರ ತೋರಿಸಿ ಒಬ್ಬ ಪುಟ್ಟ ಹುಡುಗಿಯನ್ನು ಇದೇನೆಂದು ಕೇಳಿದೆ.

"ಅಕ್ಕಿ ಸಾ."

"ಅನ್ನ ಮಾಡೋ ಅಕ್ಕಿನಾ?"

"ಊಂಹೂಂ. ಆರೋ ಅಕ್ಕಿ ಸಾ."

ಆ ಸೀಮೆಯ ಮನೆಮಾತಿನಲ್ಲಿ ಹಕಾರ ಇಲ್ಲ. ಹಾಲು ಆಲು, ಹೂವು ಊವು. ಅವಳಿಗೆ ಗೊಂದಲವೇನೂ ಇರಲಿಲ್ಲ. ಅನ್ನದ ಅಕ್ಕಿಗೂ ಆರೋ ಅಕ್ಕಿಗೂ ವ್ಯತ್ಯಾಸ ಅವಳೇ ಹೇಳಿದ್ದಳು, ನನಗಿಂತ ಅಚ್ಚುಕಟ್ಟಾಗಿ. ನಾನು ಮಾತ್ರ "ಹ, ಹ, ಹಕ್ಕಿ ಅನ್ನು" ಎಂದು ಹಟ ಹಿಡಿದೆ. ನಾಲ್ಕು ಸಲ, ಐದು ಸಲ. ಉಳಿದವರು ನಕ್ಕರು. ಆಮೇಲೆ ಎರಡು ದಿನ ಅವಳು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಊಟ ಮಾಡುವಾಗಲೂ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಮೇಡಂ ಗದರಲಿಲ್ಲ. "ಬಾಯಿ ತಿದ್ದೋಕೆ ಹೋಗ್ಬೇಡಪ್ಪಾ, ಮುಚ್ಚಿಕೊಂಡ್ಬಿಡ್ತದೆ. ಹ ಬರೆಯೋಕೆ ಬಂದ ಮೇಲೆ ಅದೇ ಸರಿಹೋಯ್ತದೆ" ಅಂದರು. ಆಮೇಲೆ ಆ ಹುಡುಗಿಯ ಕೈಲೇ ಎರಡು ಕಾರ್ಡು ಮಾಡಿಸಿದರು, ಒಂದರಲ್ಲಿ ಮೊರ, ಇನ್ನೊಂದರಲ್ಲಿ ರೆಕ್ಕೆ. ಮೊರದ ಕೆಳಗೆ 'ಅಕ್ಕಿ', ರೆಕ್ಕೆಯ ಕೆಳಗೆ 'ಹಕ್ಕಿ' ಎಂದು ಬರೆದುಕೊಟ್ಟರು. ಎರಡರಲ್ಲಿ ಯಾವ ಅಕ್ಷರ ಬೇರೆ ಎಂದು ಅವಳು ತಾನೇ ಬೆರಳಿಟ್ಟು ತೋರಿಸಿದಳು.

ಮನೆಮಾತಿನಿಂದ ಬರಹದ ಕನ್ನಡಕ್ಕೆ ಮಗುವನ್ನು ದಾಟಿಸುವಾಗ ಅದರ ಮಾತನ್ನೇ ಕಿತ್ತುಕೊಳ್ಳಬಾರದು ಎಂಬುದು ಒಂದು ವಿದ್ಯೆ. ಭಾಷಾವಿಜ್ಞಾನದ ಎಂ.ಎ. ತರಗತಿಯಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟರೆ ಪ್ರೊಫೆಸರ್ ಎನ್ನುತ್ತೇವೆ. ನೆಲದ ಮೇಲೆ ಕೂತು ಮಾಡಿ ತೋರಿಸಿದರೆ 'ಒಂದನೇ ಕ್ಲಾಸ್ ಟೀಚರ್'.

ಮೂರನೇ ವಾರ ನನ್ನ ಪಾಠ ವೀಕ್ಷಣೆಗೆ ಕಾಲೇಜಿನಿಂದ ಒಬ್ಬರು ಬಂದರು. ಹಿಂದೆ ಕುರ್ಚಿ ಹಾಕಿಕೊಂಡು ಕೂತು ಪುಸ್ತಕದಲ್ಲಿ ಬರೆದರು: ಕಪ್ಪುಹಲಗೆ ಬರಹ ಉತ್ತಮ, ಬೋಧನೋಪಕರಣ ಆಕರ್ಷಕ, ತರಗತಿ ನಿಯಂತ್ರಣ ಸುಧಾರಿಸಬೇಕು. ಒಂದು ಮಗುವಿಗಾದರೂ ಏನಾದರೂ ಓದಲು ಬಂತೇ ಎಂದು ಅವರು ಕೇಳಲಿಲ್ಲ, ಪುಸ್ತಕದಲ್ಲಿ ಅದಕ್ಕೆ ಅಂಕಣವೂ ಇರಲಿಲ್ಲ. 'ಯಾರಾದರೇನು' ಎಂಬ ಮಾತಿಗೆ ಬಲ ಬರುವುದು ಇಲ್ಲಿಂದಲೇ. ಆ ಕೋಣೆಯಲ್ಲಿ ನಡೆಯುವ ಕೆಲಸ ನೋಡಲು ಬಂದವರ ಕಣ್ಣಿಗೂ ಬೀಳುವುದಿಲ್ಲ. ಗದ್ದಲ ಮಾತ್ರ ಬೀಳುತ್ತದೆ. ಆಮೇಲೆ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದು, ಎರಡು ವರ್ಷದ ಡಿ.ಎಲ್.ಎಡ್. (ಡಿ.ಎಡ್.ನ ಈಗಿನ ಹೆಸರು) ಕೋರ್ಸಿನಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು ಎಂದಿತು. ಒಳ್ಳೆಯದೇ. ಆದರೆ ವಾರ ಎಷ್ಟಾದರೇನು, ಪಕ್ಕದಲ್ಲಿ ಕೂತು 'ಸರ', 'ರಸ' ಬರೆದು ತೋರಿಸುವವರು ಇಲ್ಲದಿದ್ದರೆ?

ಈಗ ಪದವಿ ದೊಡ್ಡದಿದ್ದರೆ ಸಾಕು ಎಂಬ ವಾದಕ್ಕೆ ಬರುತ್ತೇನೆ. 2018ರ ಜೂನ್ 28ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಬಿ.ಎಡ್. ಮಾಡಿದವರೂ ಒಂದರಿಂದ ಐದನೇ ತರಗತಿಗೆ ಕಲಿಸಬಹುದು, ನೇಮಕವಾದ ಮೇಲೆ ಆರು ತಿಂಗಳ ಸೇತುಬಂಧ ಕೋರ್ಸ್ ಮುಗಿಸಿದರೆ ಸಾಕು ಎಂದು ಅಧಿಸೂಚನೆ ಹೊರಡಿಸಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು. ಬಿ.ಎಡ್. ತರಬೇತಿ ಇರುವುದು ಮೇಲಿನ ತರಗತಿಗಳಿಗೆ, ಚಿಕ್ಕ ಮಕ್ಕಳಿಗೆ ಕಲಿಸುವ ವಿಧಾನ ಅದರಲ್ಲಿಲ್ಲ ಎಂಬುದು ತೀರ್ಪಿನ ತಿರುಳು. ಅವತ್ತು ನಮ್ಮ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಸೋಜಿಗ. ಡಿಗ್ರಿ ಮಾಡಿ, ಅದರ ಮೇಲೆ ಬಿ.ಎಡ್. ಮಾಡಿದವರಿಗೆ ಒಂದನೇ ಕ್ಲಾಸಿಗೆ ಅರ್ಹತೆ ಇಲ್ಲವಂತೆ, ಪಿಯುಸಿ ಮುಗಿಸಿ ಡಿ.ಎಡ್. ಮಾಡಿದವರಿಗೆ ಇದೆಯಂತೆ! ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದವರ ಸಂಕಟ ಬೇರೆ, ಅದರ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಆದರೆ ಆ ಸೋಜಿಗದ ಒಳಗೆ ಕೂತಿದ್ದದ್ದು ಅದೇ ಹಳೆಯ ನಂಬಿಕೆ: ಹೆಚ್ಚು ಓದಿದವನಿಗೆ ಕಡಿಮೆ ತರಗತಿ ತಾನಾಗಿಯೇ ಬರುತ್ತದೆ.

ಬರುವುದಿಲ್ಲ. 'ನೂರ ಐದು' ಬರೆ ಎಂದರೆ ಎಷ್ಟೋ ಮಕ್ಕಳು 1005 ಎಂದು ಬರೆಯುತ್ತಾರೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರಿಗೆ 105 ಹೇಗೆ ಬರೆಯಬೇಕೆಂದು ಗೊತ್ತು. ಮಗು 1005 ಏಕೆ ಬರೆಯಿತು ಎಂದು ಗೊತ್ತಿರಬೇಕಾಗಿಲ್ಲ. ಮಗು ಕಿವಿಗೆ ಕೇಳಿದ್ದನ್ನು ಬರೆದಿದೆ, ಮೊದಲು ನೂರು, ಆಮೇಲೆ ಐದು. ಅದರ ತರ್ಕದಲ್ಲಿ ತಪ್ಪಿಲ್ಲ, ಸ್ಥಾನಬೆಲೆ ಎಂಬ ಒಪ್ಪಂದ ಮಾತ್ರ ಅದಕ್ಕೆ ಗೊತ್ತಿಲ್ಲ. ಇದು ತಿಳಿದವರು ಹತ್ತು ಹತ್ತು ಕಡ್ಡಿಯ ಕಟ್ಟು ಕಟ್ಟಿಸುತ್ತಾರೆ, ಹತ್ತು ಕಟ್ಟಿಗೆ ಒಂದು ಹೊರೆ ಮಾಡಿಸುತ್ತಾರೆ, ಹೊರೆ ಒಂದು, ಕಟ್ಟು ಸೊನ್ನೆ, ಬಿಡಿ ಐದು ಎಂದು ಮನೆ ಮನೆಯಾಗಿ ಬರೆಸುತ್ತಾರೆ. ತಿಳಿಯದವರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಹತ್ತು ಸಲ ಬರೆದುಕೊಂಡು ಬಾ ಎನ್ನುತ್ತಾರೆ. ನಾನು ಎಳೆದಿದ್ದೇನೆ.

ಬೈಗುಳಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಹೊಗಳಿಕೆ. ಸೆಪ್ಟೆಂಬರ್ 5 ಬಂತೆಂದರೆ ವೇದಿಕೆ ಹತ್ತಿದವರೆಲ್ಲ ಚಿಕ್ಕ ತರಗತಿಯ ಶಿಕ್ಷಕಿಯರು ತಾಯಿಯಂತೆ, ಅವರ ತಾಳ್ಮೆ ಭೂಮಿಯಂತೆ, ಅಡಿಪಾಯ ಹಾಕುವವರು ಅವರೇ ಎನ್ನುತ್ತಾರೆ. ಭೌತಶಾಸ್ತ್ರದ ಉಪನ್ಯಾಸಕರನ್ನು ಯಾರೂ ತಂದೆಯಂತೆ ಎನ್ನುವುದಿಲ್ಲ, ಅವರ ವಿಷಯಜ್ಞಾನ ಹೊಗಳುತ್ತಾರೆ. ತಾಯಿ ಎಂದು ಕರೆದರೆ ತರಬೇತಿ ಕೊಡುವುದು ಬೇಕಾಗಿಲ್ಲ, ಜ್ಞಾನವಿದೆ ಎಂದು ಒಪ್ಪುವುದೂ ಬೇಕಾಗಿಲ್ಲ. ಪ್ರೀತಿ ಹೆಂಗಸರಿಗೆ ಹುಟ್ಟಿನಿಂದ ಬರುತ್ತದಂತೆ, ಪುಕ್ಕಟೆ. ಅಡಿಪಾಯದ ಮಾತಂತೂ ಕೇಳಿ ಕೇಳಿ ಕಿವಿ ತೂತಾಗಿದೆ. ಮನೆ ಕಟ್ಟುವವರು ಅಡಿಪಾಯಕ್ಕೆ ಮೇಸ್ತ್ರಿಯನ್ನೇ ಕರೆಯುತ್ತಾರೆ, ದಾರಿಯಲ್ಲಿ ಹೋಗುವವರನ್ನಲ್ಲ.

ನಮ್ಮ ಮೇಡಂ ತಾಯಿಯಂತೇನೂ ಇರಲಿಲ್ಲ. ಅನ್ನ ಚೆಲ್ಲಿದರೆ ಗದರುತ್ತಿದ್ದರು, ಮುದ್ದು ಮಾಡಿದ್ದು ನಾನು ನೋಡಲಿಲ್ಲ. ಅವರ ಹತ್ತಿರ ಇದ್ದದ್ದು ವೈದ್ಯರ ಕಣ್ಣು. ಯಾವ ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ದೂರದಿಂದಲೇ ಹೇಳುತ್ತಿದ್ದರು. ಆ ಕಣ್ಣು ತಾಳ್ಮೆಯಿಂದ ಬಂದದ್ದಲ್ಲ, ಸಾವಿರಾರು ತಪ್ಪುಗಳನ್ನು ಒಂದೊಂದಾಗಿ ನೋಡಿದ್ದರಿಂದ ಬಂದದ್ದು. ತಾಳ್ಮೆ ನನ್ನಲ್ಲೂ ಬೇಕಾದಷ್ಟಿತ್ತು. ತಾಳ್ಮೆಯಿಂದಲೇ ಐದು ಸಲ "ಹಕ್ಕಿ ಅನ್ನು" ಎಂದಿದ್ದೆ.

"ನಮ್ಮ ಕಾಲದಲ್ಲಿ ಕೂಲಿಮಠದ ಅಯ್ಯನೋರು ಮರಳಲ್ಲಿ ತಿದ್ದಿಸಲಿಲ್ವೆ? ಯಾವ ತರಬೇತಿ ಇತ್ತು ಅವರಿಗೆ? ನಾವು ಕಲೀಲಿಲ್ವೆ?" ಎಂದು ಹಿರಿಯರು ಕೇಳುತ್ತಾರೆ. ಕಲಿತರು, ನಿಜ. ಕಲಿತವರು ಮಾತ್ರ ಹೀಗೆ ಕೇಳಲು ಉಳಿದಿದ್ದಾರೆ. ಮರಳಿನ ಮೇಲೆ ತಿದ್ದಿಯೂ ಅಕ್ಷರ ಹತ್ತದೆ, ಬೆತ್ತಕ್ಕೆ ಹೆದರಿ ದನ ಹೊಡೆದುಕೊಂಡು ಹೋದವರು ಆತ್ಮಕಥೆ ಬರೆಯಲಿಲ್ಲ. ಆಗ ಅಂಥವರು ಶಾಲೆ ಬಿಡುತ್ತಿದ್ದರು, ಈಗ ಬೆಂಚಿನ ಮೇಲೆಯೇ ಕೂತಿರುತ್ತಾರೆ. ಮಕ್ಕಳ ಓದು, ಲೆಕ್ಕ ಅಳೆಯುವ 2022ರ ಅಸರ್ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹಳ್ಳಿಗಳ ಐದನೇ ತರಗತಿ ಮಕ್ಕಳಿಗೆ ಎರಡನೇ ತರಗತಿಯ ಪಠ್ಯ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಮಂದಿ ಓದಲಾರದೆ ಹೋದರು. ಕೊರೊನಾದಲ್ಲಿ ಶಾಲೆ ಮುಚ್ಚಿದ್ದೂ ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಕೊರೊನಾಕ್ಕೆ ಮೊದಲಿನ 2018ರ ಸಮೀಕ್ಷೆಯಲ್ಲೂ ಓದಲಾರದವರೇ ಹೆಚ್ಚಿದ್ದರು.

ಇಷ್ಟಾದರೂ ನಮ್ಮ ಆತಂಕವೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶದ ಮೇಲೆ. ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು ಪಟ್ಟಿ ಹಾಕುತ್ತವೆ, ಕೆಳಗಿಳಿದರೆ ಡಿಡಿಪಿಐಗಳಿಗೆ ನೋಟಿಸು, ಸಂಜೆ ವಿಶೇಷ ತರಗತಿ, ಹುಡುಗರ ಮನೆಗೆ ಬೆಳಗಿನ ಜಾವ ಫೋನು. ಹತ್ತನೇ ತರಗತಿಯಲ್ಲಿ ಅನುತ್ತೀರ್ಣನಾಗುವವನು ಎಷ್ಟೋ ಸಲ ಒಂದನೇ ತರಗತಿಯಲ್ಲೇ ಆಗಿರುತ್ತಾನೆ. ಒಂದನೇ ತರಗತಿಗೆ ಯಾವ ಜಿಲ್ಲೆ ಯಾವ ಸ್ಥಾನ ಎಂದು ನೀವು ಎಂದಾದರೂ ಓದಿದ್ದೀರಾ? ಮಕ್ಕಳಿಗೆ ರ‍್ಯಾಂಕ್ ಹಚ್ಚುವುದು ನನಗೆ ಬೇಕಿಲ್ಲ. ಕಾಣದ ಕೆಲಸಕ್ಕೆ ಬೆಲೆ ಇಲ್ಲ ಎಂಬುದಷ್ಟೇ ನನ್ನ ದೂರು.

ನಮ್ಮವರನ್ನೂ ಬಿಡುವಂತಿಲ್ಲ. 2017ರ ವೃಂದ ಮತ್ತು ನೇಮಕಾತಿ ನಿಯಮದಲ್ಲಿ, ಒಂದರಿಂದ ಏಳಕ್ಕೆಂದು ನೇಮಕವಾಗಿದ್ದ ಪ್ರಾಥಮಿಕ ಶಿಕ್ಷಕರನ್ನು ಒಂದರಿಂದ ಐದಕ್ಕೆ ಸೀಮಿತ ಮಾಡಿದರು. ಬಡ್ತಿಯ ದಾರಿ ಮುಚ್ಚಿತು, ಪದವಿ ಇದ್ದವರಿಗೂ ಮೇಲಿನ ತರಗತಿಗಳಲ್ಲಿ ಸ್ಥಾನ ಸಿಗಲಿಲ್ಲ, 2024ರ ಆಗಸ್ಟ್‌ನಲ್ಲಿ ಸಾವಿರಾರು ಜನ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂತರು. ಸೇವಾ ಬೇಡಿಕೆ ನ್ಯಾಯವಾದದ್ದೇ, ನಾನೂ ಜೊತೆಗಿದ್ದೇನೆ. ಆದರೆ ನಮ್ಮ ಬಾಯಲ್ಲಿ ಬಂದ ಪದ 'ಹಿಂಬಡ್ತಿ'. ಏಳನೇ ತರಗತಿಯಿಂದ ಒಂದನೇ ತರಗತಿಗೆ ಹೋಗುವುದನ್ನು ಇಳಿಯುವುದು ಎಂದು ನಾವೇ ಕರೆದರೆ ಸಭೆಯಲ್ಲಿ "ಯಾರಾದರೇನು" ಎನ್ನುವವರನ್ನು ಏನೆಂದು ಬೈಯುವುದು? ಬಡ್ತಿ ಕೇಳೋಣ, ಸಂಬಳ ಕೇಳೋಣ. ಒಂದನೇ ತರಗತಿಯಲ್ಲಿದ್ದುಕೊಂಡೇ ಮೇಲಕ್ಕೇರುವ ದಾರಿ ಕೇಳಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ನಾನು ಓದಿದ ಡಿ.ಎಡ್. ಕಾಲೇಜು ವಿದ್ಯಾರ್ಥಿಗಳಿಲ್ಲದೆ ಬಾಗಿಲು ಮುಚ್ಚಿತು. ನನ್ನ ಬ್ಯಾಚಿನ ಹೆಚ್ಚಿನವರು ಬೇರೆ ಬೇರೆ ಕೆಲಸ ಹಿಡಿದರು. ಕಿಟಕಿಯಲ್ಲಿ ನಿಂತು ನಗುತ್ತಿದ್ದ ಗೆಳೆಯ ಈಗ ವಿಮೆ ಏಜೆಂಟ್. ಮೇಡಂ ನಿವೃತ್ತರಾದರು. ಅವರ ಇಪ್ಪತ್ತೈದು, ಮೂವತ್ತು ವರ್ಷದ ಆ ಕಣ್ಣನ್ನು ಯಾರೂ ಕೂತು ಬರೆದಿಟ್ಟುಕೊಳ್ಳಲಿಲ್ಲ. ಅವರ ಪಕ್ಕದಲ್ಲಿ ನಾಲ್ಕು ವಾರ ಕೂತು ಕಲಿತ ತರಬೇತಿ ಹುಡುಗ ನಾನೊಬ್ಬನೇ ಇರಲಿಕ್ಕಿಲ್ಲ, ಆದರೆ ಬಹಳ ಮಂದಿಯಂತೂ ಇಲ್ಲ.

ಮುಖ್ಯಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಶಾಲೆ ತೆರೆಯುವ ದಿನ ಹತ್ತಿರ ಬಂದಾಗ ತರಗತಿ ಹಂಚುವ ಹಾಳೆಯನ್ನು ಕೆಳಗಿನಿಂದ ತುಂಬಿಸಿ. ಶಾಲೆಯಲ್ಲಿ ಎಲ್ಲರಿಗಿಂತ ನುರಿತವರು ಯಾರೋ ಅವರ ಹೆಸರನ್ನು ಮೊದಲು ಒಂದನೇ ತರಗತಿಯ ಮುಂದೆ ಬರೆಯಿರಿ. ತರಬೇತಿಗೆ ಬಂದ ಹುಡುಗ ಹುಡುಗಿಯರನ್ನು ಆ ಕೋಣೆಗೆ ಒಬ್ಬೊಬ್ಬರನ್ನೇ ನೂಕಬೇಡಿ, ಆ ನುರಿತವರ ಪಕ್ಕದಲ್ಲಿ ಚಾಪೆ ಹಾಕಿ ಕೂರಿಸಿ. ಏಳನೇ ತರಗತಿಗೆ ಬೇಕಾದರೆ ಆಮೇಲೆ ಯಾರನ್ನಾದರೂ ಹಾಕಿ.